ಬಯಾಪ್ಸಿ ತುಣುಕಿನಲ್ಲಿ ಇ-ಕ್ಯಾಡ್ಹೆರಿನ್: ಬಾಟ್ಲಿಯಿಂದ ಸ್ಲೈಡಿನವರೆಗೆ

ಇ-ಕ್ಯಾಡ್ಹೆರಿನ್ ಒಂದು ಜೀವಕೋಶವನ್ನು ಪಕ್ಕದ್ದಕ್ಕೆ ಬಿಗಿದು ಹಿಡಿಯುವ ಪ್ರೋಟೀನು. ಅದರ ಸಿಡಿಎಚ್1 ಜೀನು 16ನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿದೆ. ಈ ಹಿಡಿತ ತಪ್ಪಿದರೆ ಕ್ಯಾನ್ಸರ್ ಕೋಶಗಳು ಗುಂಪು ಬಿಟ್ಟು ಜಾರುತ್ತವೆ. ಸ್ತನ ಕ್ಯಾನ್ಸರಿನ ಲೋಬ್ಯುಲಾರ್ ಎಂಬ ಬಗೆಯಲ್ಲಿ ಇರುವೆಸಾಲಿನಂತೆ ಒಂದರ ಹಿಂದೊಂದು ನಿಂತಿರುತ್ತವೆ. ಅದಕ್ಕೇ ಸ್ತನದ ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ಈ ಪ್ರೋಟೀನು ಇದೆಯೇ ಎಂದು ನೋಡುತ್ತಾರೆ; ಇದ್ದಲ್ಲಿ ಕಂದು ಬಣ್ಣ ಬರುತ್ತದೆ.

ಕಾಸರಗೋಡು, ಬದಿಯಡ್ಕ, ಮಂಜೇಶ್ವರದ ಆಸ್ಪತ್ರೆಗಳಿಂದ ತುಣುಕನ್ನು ಮಂಗಳೂರಿಗೆ ಕಳಿಸುವುದಿದ್ದರೆ, ಅಲ್ಲಿ ಬರುವ ಬಣ್ಣದ ಹಣೆಬರಹ ಬಹುಮಟ್ಟಿಗೆ ಇಲ್ಲಿಯ ಬಾಟ್ಲಿಯಲ್ಲೇ ತೀರ್ಮಾನವಾಗುತ್ತದೆ. ತುಣುಕು ಕೆಡದಂತೆ ಕಾಯುವ ದ್ರಾವಣಕ್ಕೆ ಅಂಗಡಿಯ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ (ಮೊನೊಹೈಡ್ರೇಟ್) 4 ಗ್ರಾಂ, ನಿರ್ಜಲ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ ಬೆರೆಸಿ. ಈ ಎರಡು ಲವಣ ಬಿಟ್ಟರೆ ದ್ರಾವಣ ಹುಳಿಯಾಗುತ್ತದೆ, ಅಂಗಾಂಶದಲ್ಲಿ ಕಂದುಗಪ್ಪು ಕಣಗಳು ಕೂರುತ್ತವೆ. ಪರೀಕ್ಷೆಯ ಬಣ್ಣವೂ ಕಂದೇ ಆದ್ದರಿಂದ ಓದುವವರು ಗೊಂದಲಕ್ಕೆ ಬೀಳುತ್ತಾರೆ.

ತುಣುಕು ತೆಗೆದ ಒಂದು ಗಂಟೆಯೊಳಗೆ ದ್ರಾವಣಕ್ಕೆ ಹಾಕಿ. ತುಣುಕಿನ ಹತ್ತು ಪಟ್ಟು ದ್ರಾವಣ ಬೇಕು. ಅದರಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇರಲಿ. ಶನಿವಾರ ಮಧ್ಯಾಹ್ನ ಹಾಕಿದ್ದು ಸೋಮವಾರ ಬೆಳಗ್ಗೆ ತಲುಪಿದರೆ ತೊಂದರೆಯಿಲ್ಲ. ಓಣಂ ರಜೆಗೆ ಕಪಾಟಿನಲ್ಲಿ ಉಳಿದರೆ ತೊಂದರೆ. ಇಡೀ ಸ್ತನವಾದರೆ 5ರಿಂದ 10 ಮಿ.ಮೀ. ದಪ್ಪದ ಹೋಳುಗಳಾಗಿ ಸೀಳಲೇಬೇಕು, ಇಲ್ಲದಿದ್ದರೆ ದ್ರಾವಣ ಇಳಿಯುವಷ್ಟರಲ್ಲಿ ಒಳಗೆ ಕೊಳೆತಿರುತ್ತದೆ. ಬಾಯಿ ಅಗಲದ ಬಾಟ್ಲಿ ಬಳಸಿ. ಹೆಸರು, ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಇವನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಬಾಟ್ಲಿಯ ಮೈಮೇಲೆ ಅಂಟಿಸಿ. ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲುಬದಲಾಗುತ್ತದೆ.

ಲ್ಯಾಬಿನಲ್ಲಿ 3ರಿಂದ 4 ಮೈಕ್ರಾನ್ ಸೀಳು, ಸೀಳು ಕಳಚದಂತೆ ಹಿಡಿಯುವ ಧನ ಆವೇಶದ (ಪಾಸಿಟಿವ್ ಚಾರ್ಜಿನ) ಸ್ಲೈಡು. ಫಾರ್ಮಲಿನ್‌ನಿಂದ ಮರೆಯಾದ ಪ್ರೋಟೀನನ್ನು ಬಣ್ಣ ಹಿಡಿಯುವಂತೆ ಮತ್ತೆ ತೆರೆಯಲು (ಪ್ರತಿಜನಕ ಮರಳಿಸಲು) ಪಿಎಚ್ 9ರ ದ್ರಾವಣದಲ್ಲಿ ಬಿಸಿ ಮಾಡುವುದು ಸಾಮಾನ್ಯ ಕ್ರಮ.

ಓದುವಾಗ ಮೊದಲು ಗಡ್ಡೆ ಬೇಡ, ಅದೇ ಸೀಳಿನ ಆರೋಗ್ಯವಂತ ನಾಳ ನೋಡಿ. ಅದರ ಕೋಶಗಳ ಅಂಚಿನಲ್ಲಿ ತೆಳು ಕಂದು ಗೆರೆ ಜೇನುಗೂಡಿನ ಹಾಗೆ ಸ್ಪಷ್ಟವಾಗಿ ಬಂದಿರಬೇಕು. ಅಲ್ಲೂ ಬಾರದಿದ್ದರೆ ಗಡ್ಡೆಯ ‘ಇಲ್ಲ’ಕ್ಕೆ ಬೆಲೆಯಿಲ್ಲ, ಮತ್ತೆ ಬಣ್ಣ ಹಾಕಿ. ನಾಳದಲ್ಲಿ ಬಂದು ಗಡ್ಡೆಯಲ್ಲಿ ಬಾರದಿದ್ದರೆ ಲೋಬ್ಯುಲಾರ್ ಎನ್ನಲು ಬಲವಾದ ಆಧಾರ ಸಿಕ್ಕಿತು. ಆದರೆ ಕೆಲವು ಲೋಬ್ಯುಲಾರ್ ಗಡ್ಡೆಗಳಲ್ಲಿ ಕೆಲಸಕ್ಕೆ ಬಾರದ ಪ್ರೋಟೀನು ಬಣ್ಣ ತೋರಿಸುತ್ತದೆ. ಅನುಮಾನ ಬಂದಲ್ಲಿ ಇ-ಕ್ಯಾಡ್ಹೆರಿನ್‌ಗೆ ಅಂಟಿಕೊಂಡಿರುವ ಪಿ120 ಕ್ಯಾಟೆನಿನ್ ಎಂಬ ಪ್ರೋಟೀನಿನ ಬಣ್ಣ ಹಾಕಿ: ಅದು ಅಂಚು ಬಿಟ್ಟು ಕೋಶದ ಒಡಲಲ್ಲಿ ಹರಡಿದ್ದರೆ ಲೋಬ್ಯುಲಾರ್.

ಮನೆಯವರಿಗೆ ಒಂದು ಮಾತು ತಿಳಿಸಿ: ‘ಇ-ಕ್ಯಾಡ್ಹೆರಿನ್ ನೆಗೆಟಿವ್’ ಎಂದರೆ ಕ್ಯಾನ್ಸರ್ ಆಗಲೇ ಹರಡಿದೆ ಎಂದು ಅರ್ಥವಲ್ಲ. ಅದನ್ನು ಹೇಳುವುದು ಕಂಕುಳ ಗ್ರಂಥಿ ಮತ್ತು ಸ್ಕ್ಯಾನ್. ಮನೆತನದಲ್ಲಿ ಹೊಟ್ಟೆಯ ಡಿಫ್ಯೂಸ್ ಕ್ಯಾನ್ಸರ್ (ಕೋಶಗಳು ಬಿಡಿಬಿಡಿಯಾಗಿ ಹರಡುವ ಬಗೆ) ಬಂದಿದ್ದರೆ, ಇಲ್ಲವೇ ಲೋಬ್ಯುಲಾರ್ ಸ್ತನ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲಿ ಅಥವಾ ಎರಡೂ ಸ್ತನಗಳಲ್ಲಿ ಬಂದಿದ್ದರೆ ಸಿಡಿಎಚ್1 ರಕ್ತಪರೀಕ್ಷೆಯ ಬಗ್ಗೆ ಜೆನೆಟಿಕ್ಸ್ ಡಾಕ್ಟರರನ್ನು ಕೇಳಲಿ.