ತೂರ್ ಸುತ್ತಮುತ್ತ ನದಿ ದಂಡೆಯ ಓಟ: ಹೊಸದಾಗಿ ಬಂದವರಿಗೆ

ಓದಲೆಂದೋ ಕೆಲಸಕ್ಕೆಂದೋ ಫ್ರಾನ್ಸಿನ ತೂರ್ ನಗರಕ್ಕೆ ಬಂದಿಳಿಯುವ ಕನ್ನಡಿಗರಲ್ಲಿ ಓಟದ ಗೀಳು ಹತ್ತಿಸಿಕೊಂಡವರು ಇದ್ದೇ ಇರುತ್ತಾರೆ. ಲಾಲ್‌ಬಾಗಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಲೋ ನಸುಕಿನಲ್ಲಿ ಓಡಿ ರೂಢಿಯಾದ ಅವರು ಮೊದಲು ಕೇಳುವುದು, ‘ಐದು ಕಿಲೋಮೀಟರಿಗೆ ಎಲ್ಲಿ ಹೋಗಲಿ, ಹತ್ತಕ್ಕೆ ಎಲ್ಲಿ?’ ಎಂದು. ನನ್ನ ಉತ್ತರ ಯಾವಾಗಲೂ ಒಂದೇ: ಇಲ್ಲಿ ದೂರ ನೋಡಿ ದಾರಿ ಆರಿಸಬೇಡಿ, ತಿಂಗಳು ನೋಡಿ ಆರಿಸಿ. ಹಳೆಯ ಊರು ಎರಡು ನದಿಗಳ ನಡುವೆ ಇದೆ. ಉತ್ತರಕ್ಕೆ ಲ್ವಾರ್, ದಕ್ಷಿಣಕ್ಕೆ ಶೇರ್. ಎರಡೂ ಪಶ್ಚಿಮಕ್ಕೆ ಹರಿದು ವಿಲಾಂದ್ರಿಯ ಆಚೆ ಕೂಡಿಕೊಳ್ಳುತ್ತವೆ. ಹತ್ತಿರ ಹತ್ತಿರವೇ ಇದ್ದರೂ ಎರಡರ ಸ್ವಭಾವ ಬೇರೆ ಬೇರೆ.

ಚಳಿಗಾಲಕ್ಕೆ ಲ್ವಾರ್ ನದಿಯ ಏರಿ. ಪ್ರವಾಹ ತಡೆಯಲು ಮಧ್ಯಯುಗದಿಂದಲೂ ಕಟ್ಟುತ್ತ, ಎತ್ತರಿಸುತ್ತ ಬಂದ ಮಣ್ಣಿನ ಏರಿ ಇದು. ಊರ ನಡುವಿನ ವಿಲ್ಸನ್ ಸೇತುವೆಯಿಂದ ಹೊರಟು ದಕ್ಷಿಣ ದಂಡೆ ಹಿಡಿದು ಪೂರ್ವಕ್ಕೆ ಓಡಿದರೆ ಸ್ಯಾಂ-ಪಿಯೇರ್-ದೆ-ಕೋರ್, ಲಾ ವಿಲ್-ಓ-ದಾಮ್ ದಾಟಿ ಮೋಂಲೂಯಿ ತಲುಪುತ್ತೀರಿ; ಹೆಚ್ಚುಕಡಿಮೆ 12 ಕಿ.ಮೀ. ಇದು ಸುಮಾರು 900 ಕಿ.ಮೀ. ಉದ್ದದ ‘ಲ್ವಾರ್ ಅ ವೆಲೊ’ ಸೈಕಲ್ ಮಾರ್ಗದ ಒಂದು ತುಣುಕು. ಬಹುಪಾಲು ಕಾರುಗಳ ಕಾಟವಿಲ್ಲ, ಏರುತಗ್ಗಿಲ್ಲ, ಮಳೆ ಬಂದರೂ ಕೆಸರಿಲ್ಲ. (ಲಾ ವಿಲ್-ಓ-ದಾಮ್‌ನಲ್ಲಿ ಬೀದಿಗಳಿಗೆ ಬಹುತೇಕ ಹೆಂಗಸರ ಹೆಸರುಗಳೇ. ಓಟ ನಿಲ್ಲಿಸಿ ನಾಮಫಲಕ ಓದಲು ಇದೊಂದು ಒಳ್ಳೆಯ ನೆಪ.) ಉತ್ತರ ದಂಡೆಯ ಏರಿಯ ಮೇಲೆ ಡಿ 952 ರಸ್ತೆ ಇದೆ. ನಕ್ಷೆಯಲ್ಲಿ ಚೆಂದ ಕಾಣುತ್ತದೆ, ಆದರೆ ಲಾರಿಗಳು ಮೈಗೆ ತಾಕುವಂತೆ ಹೋಗುತ್ತವೆ. ಅತ್ತ ತಲೆ ಹಾಕಬೇಡಿ.

ಏರಿಯ ಮೇಲೆ ಮರ ಬೆಳೆಯಲು ಬಿಡುವುದಿಲ್ಲ. ಬೇರು ಇಳಿದರೆ ಮಣ್ಣು ಸಡಿಲವಾಗುತ್ತದೆ. ಹಾಗಾಗಿ ನೆರಳೂ ಇಲ್ಲ, ಗಾಳಿಗೆ ಮರೆಯೂ ಇಲ್ಲ. ಇಲ್ಲಿ ಹೆಚ್ಚಾಗಿ ಬೀಸುವುದು ಪಶ್ಚಿಮದ ಗಾಳಿ. ಪೂರ್ವಕ್ಕೆ ಓಡಿ, ರೈಲು ಹತ್ತಿ ಹಿಂದಿರುಗುವುದೇ ಜಾಣತನ. ಮೋಂಲೂಯಿಯಲ್ಲಿ ನಿಲ್ದಾಣವಿದೆ, ಆದರೆ ನಿಲ್ಲುವ ರೈಲು ಕಡಿಮೆ; ಸಮಯ ನೋಡಿಕೊಂಡೇ ಹೊರಡಿ. ಇನ್ನೂ ಕಾಲಿನಲ್ಲಿ ಕಸುವಿದ್ದರೆ ಮೋಂಲೂಯಿಯಿಂದ ಮೇಲೇರಿ, ದ್ರಾಕ್ಷಿ ತೋಟಗಳ ನಡುವೆ ಹಾದು ಅಂಬ್ವಾಜ್ ಸೇರಬಹುದು. ಒಟ್ಟು 25 ಕಿ.ಮೀ. ಆಸುಪಾಸು. ಅಲ್ಲಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ. ಚೀಲದಲ್ಲಿ ಒಂದು ಒಣ ಅಂಗಿ ಇರಲಿ, ಜನವರಿಯಲ್ಲಿ ಬೆವರಿದ ಬಟ್ಟೆಯಲ್ಲಿ ರೈಲಿಗೆ ಕಾಯುವುದು ಶೀತಕ್ಕೆ ಆಹ್ವಾನ.

ನದಿ ಏರಿದಾಗ ಏನು ಮಾಡಬೇಕೆಂದು ತಿಳಿದಿರಲಿ. ಲ್ವಾರ್ ಹುಟ್ಟುವುದು ದೂರದ ಆರ್ದೆಶ್ ಬೆಟ್ಟಗಳಲ್ಲಿ. ಅಲ್ಲಿ ಶರತ್ಕಾಲದಲ್ಲಿ ಮೆಡಿಟರೇನಿಯನ್ ಕಡೆಯ ಮೋಡ ಒಡೆದು ಸುರಿದರೆ, ಆ ನೀರು ಕೆಲವು ದಿನ ಬಿಟ್ಟು ತೂರ್‌ಗೆ ಬರುತ್ತದೆ. ಇಲ್ಲಿ ನೆತ್ತಿಯ ಮೇಲೆ ಬಿಸಿಲಿರುತ್ತದೆ, ಕೆಳಗೆ ನದಿ ಉಕ್ಕುತ್ತಿರುತ್ತದೆ. 1846, 1856, 1866 – ಇಪ್ಪತ್ತು ವರ್ಷಗಳಲ್ಲಿ ಮೂರು ಮಹಾಪ್ರವಾಹಗಳು ಬಂದವು. 1856ರಲ್ಲಿ ತೂರ್ ನಗರವೇ ಮುಳುಗಿತು. ಈಗ ಸರ್ಕಾರದ ‘ವಿಜಿಕ್ರ್ಯೂ’ ಜಾಲತಾಣ ನದಿಗಳ ಸ್ಥಿತಿಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ಹಳದಿ ಬಂದರೆ ಏರಿಯ ಕೆಳಗಿನ ಕಾಲುದಾರಿಗೆ ಇಳಿಯಬೇಡಿ. ಕಿತ್ತಳೆ ಬಂದರೆ ನದಿಯ ಕಡೆಗೇ ಹೋಗಬೇಡಿ.

ಬೇಸಿಗೆಯಲ್ಲಿ ಇದೇ ಲ್ವಾರ್ ಬಡಕಲಾಗಿ, ನಡುನಡುವೆ ಬಿಳಿ ಮರಳ ದಿಬ್ಬಗಳು ಏಳುತ್ತವೆ. ಬರಿಗಾಲಲ್ಲಿ ಓಡಲು ಹೇಳಿ ಮಾಡಿಸಿದಂತೆ ಕಾಣುತ್ತವೆ. ಆಸೆ ಬಿಡಿ. ಏಪ್ರಿಲ್‌ನಿಂದ ಆಗಸ್ಟ್ ನಡುವಿನವರೆಗೆ ಅಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ಗೂಡೆಂದರೆ ಮರಳಿನಲ್ಲಿ ಕೆರೆದ ಒಂದು ಸಣ್ಣ ಕುಳಿ, ಅಷ್ಟೆ. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಕಾಲಡಿ ಸಿಕ್ಕಿದರೂ ಗೊತ್ತಾಗದು. ಅದಕ್ಕೇ ಹಲವು ದಿಬ್ಬಗಳಿಗೆ ಕಾಲಿಡುವುದನ್ನು ನಿಷೇಧಿಸಿ ಫಲಕ ಹಾಕಿರುತ್ತಾರೆ. ಇನ್ನು ನೀರಿಗಿಳಿಯುವ ಮಾತಂತೂ ಬೇಡವೇ ಬೇಡ. ಮೊಣಕಾಲುದ್ದ ಕಾಣುವ ಕಡೆ ಮರಳು ಕುಸಿದು ಸುಳಿ ಎಳೆಯುತ್ತದೆ. ಕಾವೇರಿಯಲ್ಲಿ ಈಜು ಕಲಿತವರಿಗೂ ಇದೇ ಮಾತು.

ಹಾಗಾದರೆ ಜುಲೈನಲ್ಲಿ ಎಲ್ಲಿ? ಶೇರ್ ದಂಡೆಗೆ ಬನ್ನಿ. ಹಿಂದೆ ದೋಣಿ ಸಾಗಲೆಂದು ಅಣೆಕಟ್ಟೆ ಕಟ್ಟಿ ಹದಗೊಳಿಸಿದ ನದಿಯಿದು. ದೋಣಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದವರ ದಾರಿ ಇಂದಿಗೂ ದಂಡೆಯುದ್ದಕ್ಕೂ ಅಲ್ಲಲ್ಲಿ ಉಳಿದಿದೆ. ಮಣ್ಣಿನ ನೆಲ, ಪಾಪ್ಲರ್ ಮರಗಳ ನೆರಳು, ಮೀನು ಹಿಡಿಯುತ್ತ ಕುಳಿತ ಮುದುಕರು. ಪಶ್ಚಿಮಕ್ಕೆ ಸಾವೊನಿಯೇರ್ ಹಳ್ಳಿಯ ತನಕ ಓಡುವುದು ಎಲ್ಲರೂ ಮಾಡುವ ಓಟ. ನನಗೆ ಇಷ್ಟವಾದದ್ದು ಬೇರೆ: ರೈಲಿನಲ್ಲಿ ಬ್ಲೇರೆಗೆ ಹೋಗಿ, ಸೇತುವೆ ದಾಟಿ, ದಕ್ಷಿಣ ದಂಡೆಯಲ್ಲಿ ಪೂರ್ವಕ್ಕೆ ಹೊರಡಿ. ಮುಂದೆ ಮರಗಳ ಸಂದಿನಲ್ಲಿ ನದಿಯ ಮೇಲೆಯೇ ಕಮಾನು ಚಾಚಿ ನಿಂತ ಶೆನೊಂಸೊ ಅರಮನೆ ಕಾಣುತ್ತದೆ, ಟಿಕೆಟ್ ಇಲ್ಲದೆ. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಜರ್ಮನ್ ಸೇನೆ ಹಿಡಿದ ಫ್ರಾನ್ಸಿಗೂ ಹಿಡಿಯದೆ ಬಿಟ್ಟ ಫ್ರಾನ್ಸಿಗೂ ಶೇರ್ ನದಿಯೇ ಗಡಿಯಾಗಿತ್ತು. ಅರಮನೆಯ ಬಾಗಿಲು ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಕಡೆ, ಅದರ ಉದ್ದ ಹಜಾರದ ಇನ್ನೊಂದು ತುದಿ ನೀವು ಓಡುವ ಈ ದಂಡೆಗೆ. ಹೋದ ದಾರಿಯಲ್ಲೇ ಬ್ಲೇರೆಗೆ ಮರಳಿದರೆ ಒಟ್ಟು 15 ಕಿ.ಮೀ. ಸುಮಾರು. ಜೂನ್‌ನಲ್ಲಿ ರಾತ್ರಿ 10ರ ತನಕ ಬೆಳಕಿರುವುದರಿಂದ ಕೆಲಸ ಮುಗಿಸಿಯೂ ಹೋಗಬಹುದು. ಆದರೆ ಫೆಬ್ರವರಿಯಲ್ಲಿ ಈ ದಾರಿ ಕೆಸರುಗದ್ದೆ.

ನೀರಿನ ವಿಷಯ ನಮ್ಮವರಿಗೆ ಬಿಡಿಸಿ ಹೇಳಬೇಕು. ಭಾನುವಾರ ಮಧ್ಯಾಹ್ನ ಹಳ್ಳಿಗಳಲ್ಲಿ ಒಂದು ಅಂಗಡಿಯೂ ತೆರೆದಿರುವುದಿಲ್ಲ. ಆಗ ಇಲ್ಲಿನ ಓಟಗಾರರು, ಸೈಕಲ್‌ನವರು ಹೋಗುವುದು ಸ್ಮಶಾನಕ್ಕೆ. ಮುಖ ಸಿಂಡರಿಸಬೇಡಿ. ಗೇಟಿನ ಒಳಗೆ ಗೋಡೆ ಪಕ್ಕ, ಸಮಾಧಿಯ ಹೂಗಿಡಗಳಿಗೆ ನೀರೆರೆಯುವ ಹಸಿರು ಪ್ಲಾಸ್ಟಿಕ್ ಝಾರಿಗಳು ತೂಗಿರುವಲ್ಲೇ ನಲ್ಲಿ ಇರುತ್ತದೆ, ಸಾಮಾನ್ಯವಾಗಿ ಊರಿಗೆಲ್ಲ ಕೊಡುವ ನೀರೇ. ‘ನೋಂ ಪೋತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ. ಚಳಿಗಾಲದಲ್ಲಿ ಕೊಳವೆ ಹೆಪ್ಪುಗಟ್ಟೀತೆಂದು ನಲ್ಲಿ ಬಂದ್ ಮಾಡುತ್ತಾರೆ, ಆಗ ಮನೆಯಿಂದಲೇ ಒಯ್ಯಿರಿ. ಒಳಗೆ ಶವಸಂಸ್ಕಾರ ನಡೆಯುತ್ತಿದ್ದರೆ ಹೊರಗೆ ಕಾಯಿರಿ.

ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲ. ದಾರಿಯಲ್ಲಿ ‘ಶಾಸ್ ಆಂ ಕೂರ್’ (ಬೇಟೆ ನಡೆಯುತ್ತಿದೆ) ಎಂಬ ಫಲಕ ಕಂಡರೆ ಧೈರ್ಯ ಪ್ರದರ್ಶನ ಬೇಡ, ಹಿಂದಿರುಗಿ. ಕಾಡಂಚಿನಲ್ಲಿ ಓಡುವುದಾದರೆ ಕಿತ್ತಳೆ ಅಥವಾ ಹಳದಿಯ ಎದ್ದು ಕಾಣುವ ಅಂಗಿ ತೊಡಿ. ಬೇಸಿಗೆಯ ಹುಲ್ಲಿನಲ್ಲಿ ಉಣುಗು ಇರುತ್ತದೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಅದರ ಭಯ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂಭಾಗ, ತೊಡೆಸಂದು ನೋಡಿಕೊಳ್ಳಿ. ಕಚ್ಚಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಪುಟ್ಟ ಕೊಕ್ಕೆಯಿಂದ ತಿರುಗಿಸಿ ತೆಗೆಯಿರಿ. ಕೆಲವು ದಿನಗಳಾದ ಮೇಲೆ ಕೆಂಪು ಉಂಗುರ ಮೂಡಿದರೆ ವೈದ್ಯರನ್ನು ಕಾಣಿರಿ.

ಸೈಕಲ್ ದಾರಿಯಲ್ಲಿ ಬಲಕ್ಕಿರಿ. ಪಾದಚಾರಿ ಪಟ್ಟಿ ಇಲ್ಲದ ಹಳ್ಳಿ ರಸ್ತೆಯಲ್ಲಿ ಎದುರಿನ ವಾಹನ ಕಾಣುವಂತೆ ಎಡಕ್ಕೆ. ಎದುರಾದವರಿಗೆಲ್ಲ ‘ಬೊಂಜೂರ್’ ಹೇಳಿ, ಏದುಸಿರಿನಲ್ಲಾದರೂ ಸರಿ. ಫೋನ್‌ನಲ್ಲಿ 112 ನೆನಪಿರಲಿ. ಓಟ ಮುಗಿಸಿ ಬೇಕರಿಗೆ ನುಗ್ಗುವ ಸಸ್ಯಾಹಾರಿಗಳೇ, ಕೀಶ್ ಎಂಬ ಖಾರದ ಕಡುಬಿನಲ್ಲಿ ಹಂದಿ ಮಾಂಸದ ಚೂರುಗಳು ಅಡಗಿರುತ್ತವೆ; ಕೇಳಿ ತಿನ್ನಿ.

ಸ್ಪರ್ಧೆಯ ಹುಮ್ಮಸ್ಸು ಇದ್ದವರಿಗೆ ಸೆಪ್ಟೆಂಬರಿನಲ್ಲಿ ತೂರ್‌ನಲ್ಲೇ ಮ್ಯಾರಥಾನ್ ಇದೆ, 10 ಮತ್ತು 20 ಕಿ.ಮೀ. ಓಟಗಳೂ ಇವೆ. 2024ರಿಂದ ವೈದ್ಯರ ಪ್ರಮಾಣಪತ್ರದ ಬದಲು, ಆರೋಗ್ಯದ ಎಚ್ಚರಿಕೆಗಳನ್ನು ಆನ್‌ಲೈನ್‌ನಲ್ಲಿ ನೋಡಿ ಮುಗಿಸಿ ಪಡೆಯುವ ‘ಪಿಪಿಎಸ್’ ಸಂಖ್ಯೆ ಕೊಡಬೇಕು. ಇನಿಷಿಯಲ್ ಇಟ್ಟುಕೊಂಡ ನಮ್ಮಂಥವರಿಗೆ ಇಲ್ಲೊಂದು ತೊಡಕಿದೆ: ಪಿಪಿಎಸ್‌ನಲ್ಲಿ ಹೆಸರು, ಮನೆತನದ ಹೆಸರುಗಳನ್ನು ಹೇಗೆ ತುಂಬಿದ್ದೀರೋ ಸ್ಪರ್ಧೆಯ ಅರ್ಜಿಯಲ್ಲೂ ಅಕ್ಷರ ತಪ್ಪದೆ ಹಾಗೆಯೇ ತುಂಬಿ. ಎರಡಕ್ಕೂ ಪಾಸ್‌ಪೋರ್ಟ್ ಮುಂದಿಟ್ಟುಕೊಂಡೇ ಕುಳಿತರೆ ಎದೆಗೆ ಅಂಟಿಸಿಕೊಳ್ಳುವ ಓಟದ ಸಂಖ್ಯೆ ಪಡೆಯುವ ದಿನ ಕೌಂಟರಿನಲ್ಲಿ ವಾದಿಸುತ್ತ ನಿಲ್ಲಬೇಕಾಗುವುದಿಲ್ಲ.