ಅಪಾರ್ಟ್‌ಮೆಂಟ್ ಕರೆಂಟ್: ಖರ್ಚು, ಕಾರ್ಬನ್ ಎರಡನ್ನೂ ಇಳಿಸುವುದು ಹೇಗೆ?

ಸೋಲಾರ್ ಹಾಕಿಸೋಣವಾ, ಬ್ಯಾಟರಿ ತರೋಣವಾ? ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಈ ಚರ್ಚೆ ಈಗ ಜೋರು. ಕೊಟೇಶನ್ ತರಿಸುವ ಮೊದಲು ಒಂದು ಹಾಳೆ ತಗೊಂಡು ಲೆಕ್ಕ ಬರೆಯಿರಿ. ಒಂದು ಯೂನಿಟ್ಟಿಗೆ ದುಡ್ಡೆಷ್ಟು, ಕಾರ್ಬನ್ ಎಷ್ಟು?

ಮೊದಲು ಜನರೇಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಸಿಗುವ ಕರೆಂಟ್ 3 ಯೂನಿಟ್ ಆಸುಪಾಸು. ಲೀಟರಿಗೆ 90 ರೂಪಾಯಿ ಹಿಡಿದರೆ ಯೂನಿಟ್ಟಿಗೆ 30 ರೂಪಾಯಿ, 0.9 ಕಿಲೋ. ನಾಲ್ಕು ದೀಪಕ್ಕೆಂದು ದೊಡ್ಡ ಜನರೇಟರ್ ಓಡಿಸಿದರೆ ಅಷ್ಟೂ ಸಿಗುವುದಿಲ್ಲ. ಬೆಸ್ಕಾಂ ಕರೆಂಟಿಗೆ ನಿಮ್ಮ ಬಿಲ್ ನೋಡಿ. 8 ರೂಪಾಯಿ ಎಂದುಕೊಳ್ಳೋಣ. ದೇಶದ ವಿದ್ಯುತ್ ಜಾಲ, ಅಂದರೆ ಗ್ರಿಡ್‌ನ ಸರಾಸರಿ ಕಾರ್ಬನ್ ಯೂನಿಟ್ಟಿಗೆ ಸುಮಾರು 0.7 ಕಿಲೋ.

ಈಗ ಖರ್ಚಿಲ್ಲದ ಕೆಲಸ. ಸಂಪ್‌ನಿಂದ ನೀರೆತ್ತುವ ಮೋಟಾರನ್ನು ಜನರೇಟರ್ ಲೈನಿನಿಂದ ತೆಗೆಸಿ. ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಸಿಟ್ಟರೆ ಸಾಕಲ್ವಾ? ದುಡ್ಡು, ಹೊಗೆ ಎರಡೂ ಅಂದೇ ಇಳಿಯುತ್ತವೆ.

ಆಮೇಲೆ ತಾರಸಿ. 1 ಕಿಲೋವ್ಯಾಟ್ ಪ್ಯಾನೆಲ್‌ಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು. ನಮ್ಮ ಬಿಸಿಲಿಗೆ ವರ್ಷಕ್ಕೆ ಸುಮಾರು 1,400 ಯೂನಿಟ್ ಬರುತ್ತದೆ. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಟನ್ ಕಾರ್ಬನ್ ಉಳಿತಾಯ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ.

ಬ್ಯಾಟರಿ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಬ್ಯಾಟರಿ ಬಂತೆಂದರೆ ಹಸಿರು ಬಂತು ಎಂದುಕೊಳ್ಳುತ್ತಾರೆ. ಗ್ರಿಡ್‌ನಿಂದ ತುಂಬಿಸಿದ ಬ್ಯಾಟರಿಯಿಂದ 1 ಯೂನಿಟ್ ತೆಗೆಯಲು 1.1 ಯೂನಿಟ್ ಹಾಕಬೇಕು. ಅಲ್ಲಿಗೆ ಸುಮಾರು 9 ರೂಪಾಯಿ, 0.8 ಕಿಲೋ ಆಯಿತು. ಡೀಸೆಲ್‌ಗೆ ಹೋಲಿಸಿದರೆ ದುಡ್ಡು ಮೂರನೇ ಒಂದು ಭಾಗಕ್ಕಿಳಿಯಿತು, ಕಾರ್ಬನ್ ಮಾತ್ರ ಸ್ವಲ್ಪವೇ ಇಳಿಯಿತು. ನೆಟ್ ಮೀಟರ್ (ಗ್ರಿಡ್‌ನಿಂದ ಬಂದ, ಗ್ರಿಡ್‌ಗೆ ಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಇದ್ದರೆ ಮಿಕ್ಕ ಸೋಲಾರ್ ಕರೆಂಟ್ ಹೇಗೂ ಗ್ರಿಡ್‌ಗೆ ಹೋಗಿ ಬೇರೆಯವರ ಮನೆಯಲ್ಲಿ ಬಳಕೆಯಾಗುತ್ತದೆ. ಹಾಗಾಗಿ ಕಾರ್ಬನ್ ಇಳಿಸಬೇಕೆಂದರೆ ದುಡ್ಡು ಪ್ಯಾನೆಲ್‌ಗೆ ಹಾಕಿ. ತಿಂಗಳ ಡೀಸೆಲ್ ಬಿಲ್ ದೊಡ್ಡದಿದ್ದರೆ ಮಾತ್ರ ಬ್ಯಾಟರಿ ನೋಡಿ. ಅದೂ ಲಿಫ್ಟ್, ಮೆಟ್ಟಿಲ ದೀಪಕ್ಕೆ ಸಾಲುವಷ್ಟು.

ಒಂದು ಮಾತು ಮೊದಲೇ ಕೇಳಿಕೊಳ್ಳಿ: ಕರೆಂಟ್ ಹೋದಾಗ ಸೋಲಾರ್ ಕೆಲಸ ಮಾಡುತ್ತದೆಯೇ? ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು, ಪ್ಯಾನೆಲ್ ಕರೆಂಟನ್ನು ಗ್ರಿಡ್‌ಗೆ ಜೋಡಿಸುವ ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್ ಆಗ ತಾನೇ ನಿಂತುಬಿಡುತ್ತದೆ. ಬ್ಯಾಟರಿ ಸೇರಿಸುವ ಯೋಚನೆಯಿದ್ದರೆ ಈಗಲೇ ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್‌ಗೂ ಕೊಟೇಶನ್ ತರಿಸಿ.