ರೀಫ್ ಟ್ಯಾಂಕಿಗೆ ಟೆಸ್ಟ್ ಕಿಟ್ ಆರಿಸಿಕೊಂಡ ಬಗೆ

ಹವಳಗಳ ಟ್ಯಾಂಕ್ ಇಟ್ಟ ಮೊದಲ ವರ್ಷ ನಾನು ಬಳಸುತ್ತಿದ್ದುದು ಅಗ್ಗದ ಹನಿ ಕಿಟ್. 5 ಮಿ.ಲೀ. ನೀರಿಗೆ ಒಂದೊಂದೇ ಹನಿ ಬಿಡುತ್ತ, ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಎಣಿಸಬೇಕು. ಒಂದು ಹನಿಗೆ ಒಂದು ಡಿಕೆಎಚ್ ಕ್ಷಾರೀಯತೆ. ಕ್ಷಾರೀಯತೆಯೆಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಡಿಕೆಎಚ್ ಅದರ ಅಳತೆ. ಒಂದು ಬೇಸಿಗೆಯಲ್ಲಿ ಅದು 6 ಎಂದು ತೋರಿಸಿತೆಂದು ಬಫರ್ (ಕ್ಷಾರೀಯತೆ ಏರಿಸುವ ಮಿಶ್ರಣ) ಸುರಿದು ಸುರಿದು 8ಕ್ಕೆ ತಂದೆ. ಆಕ್ರೊಪೊರ ಎಂಬ ಹವಳದ ಕೊಂಬೆಗಳ ತುದಿ ಸುಟ್ಟಂತೆ ಬೆಳ್ಳಗಾದ ಮೇಲಷ್ಟೇ ಕಿಟ್ಟಿನ ಮೇಲೆ ಅನುಮಾನ ಬಂತು.

ಪರೀಕ್ಷೆಗೆ ಬೇಕಾದದ್ದು ಅಡುಗೆಮನೆಯಲ್ಲೇ ಇತ್ತು. 2.52 ಗ್ರಾಂ ಅಡುಗೆ ಸೋಡಾವನ್ನು (ಬೇಕಿಂಗ್ ಪೌಡರ್ ಅಲ್ಲ) ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿ, ಅದರಲ್ಲಿ 100 ಮಿ.ಲೀ. ತೆಗೆದು ಮತ್ತೆ ಒಂದು ಲೀಟರಿಗೆ ತೆಳುವಾಗಿಸಿದರೆ ಸಿಗುವ ನೀರು 8.4 ಡಿಕೆಎಚ್ ತೋರಿಸಬೇಕು. ನನ್ನ ಕಿಟ್ ಆರನೇ ಹನಿಗೇ ಹಳದಿಯಾಯಿತು. ಮುಚ್ಚಳ ಸಡಿಲವಾಗಿದ್ದ ಬಾಟಲಿಯಲ್ಲಿ ನೀರಿನಂಶ ಆರಿ ಆಮ್ಲ ಗಟ್ಟಿಯಾಗಿತ್ತೆಂದು ನನ್ನ ಅಂದಾಜು. ಅಂದರೆ 8 ಎಂದು ನಾನು ನಂಬಿದ್ದ ಟ್ಯಾಂಕಿನ ನೀರು ನಿಜಕ್ಕೂ 11ರ ಆಸುಪಾಸಿನಲ್ಲಿತ್ತು.

ಹವಳಗಳು ದಿನಕ್ಕೆ ಅರ್ಧ ಡಿಕೆಎಚ್ ಹೀರಿಕೊಳ್ಳುವ ಟ್ಯಾಂಕಿನಲ್ಲಿ, ಒಂದೊಂದೇ ಡಿಕೆಎಚ್ ಜಿಗಿಯುವ ಕಿಟ್ ಸರಿಯಿದ್ದರೂ ಸಾಲದು. ಆದ್ದರಿಂದ ಕ್ಷಾರೀಯತೆಗೆ ಮಾತ್ರ ಕೈಬಿಚ್ಚಿ ಖರ್ಚು ಮಾಡಿ ಹನ್ನಾ ಕಂಪನಿಯ ಡಿಜಿಟಲ್ ಚೆಕರ್ (ನೀರಿನ ಬಣ್ಣವನ್ನು ತಾನೇ ಅಳೆದು ಅಂಕಿ ತೋರಿಸುವ ಪುಟ್ಟ ಉಪಕರಣ) ಕೊಂಡೆ. ಅದನ್ನೂ ಸೋಡಾ ನೀರಿನಲ್ಲಿ ಪರೀಕ್ಷಿಸಿಯೇ ನಂಬಿದ್ದು.

ಫಾಸ್ಫೇಟಿನದು ಬೇರೆ ತೊಂದರೆ. 0.03ಕ್ಕೂ 0.1 ಪಿಪಿಎಂಗೂ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ) ನಡುವೆ ಬಣ್ಣದ ಕಾರ್ಡಿನಲ್ಲಿರುವುದು ತಿಳಿನೀಲಿಯ ಕೂದಲೆಳೆಯ ವ್ಯತ್ಯಾಸ. ಟ್ಯಾಂಕಿನ ನೀಲಿ ದೀಪದ ಕೆಳಗೆ ನಿಂತು ನೋಡಿದರೆ ಅದೂ ಕಾಣುವುದಿಲ್ಲ. ಇದಕ್ಕೂ ಚೆಕರ್ ಬಳಸುತ್ತೇನೆ. ಅದು ಫಾಸ್ಫರಸ್ಸನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಭಾಗ) ಕೊಡುವ ಮಾದರಿಯಾದ್ದರಿಂದ ಬಂದ ಅಂಕಿಯನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿಕೊಳ್ಳಬೇಕು: 15 ಬಂದರೆ ಫಾಸ್ಫೇಟ್ ಸುಮಾರು 0.046 ಪಿಪಿಎಂ. ಗಾಜಿನ ಸೀಸೆಯ ಮೇಲೆ ಬೆರಳಚ್ಚು ಉಳಿದರೂ ಅಂಕಿ ಏರುಪೇರಾಗುವುದರಿಂದ ಹಳೆಯ ಹತ್ತಿಬಟ್ಟೆಯೊಂದು ಪೆಟ್ಟಿಗೆಯಲ್ಲೇ ಇರುತ್ತದೆ.

ಕ್ಯಾಲ್ಸಿಯಂ, ಮೆಗ್ನೀಸಿಯಂ, ನೈಟ್ರೇಟುಗಳಿಗೆ ಸಾಲಿಫರ್ಟ್ ಕಂಪನಿಯ ಕಿಟ್ಟುಗಳೇ ಸಾಕಾಗಿವೆ. ಕ್ಯಾಲ್ಸಿಯಂ 420 ಪಿಪಿಎಂ ಇದ್ದದ್ದು 430 ಎಂದು ಓದಿದರೆ ಹವಳಕ್ಕೇನೂ ಆಗುವುದಿಲ್ಲ. ಕೊಳ್ಳುವಾಗ ಬೆಲೆಗಿಂತ ಮೊದಲು ಅವಧಿ ಮುಗಿಯುವ ದಿನಾಂಕ ನೋಡುತ್ತೇನೆ, ತೆರೆದ ದಿನವನ್ನು ಬಾಟಲಿಯ ಮೇಲೆ ಬರೆಯುತ್ತೇನೆ. ಅಮೋನಿಯಾ, ನೈಟ್ರೈಟ್ ಕಿಟ್ಟುಗಳು ಟ್ಯಾಂಕ್ ಹದಕ್ಕೆ ಬಂದ ಮೇಲೆ ಬೇಕಾಗಲಿಲ್ಲ. ಹೊಸದಾಗಿ ಶುರುಮಾಡುತ್ತಿದ್ದ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟೆ.